ಒಂದು ಹನಿನೂ ಚೆಲ್ಲದ ಓಣಿ

ಗೆಳೆಯರ, ಹುಬ್ಬಳ್ಯಾಗ ರಸ್ತಾ ಹೆಂಗ ಪರೀಕ್ಷಾ ಮಾಡತಾರ ಅಂತ ಇವತ್ತ ಮುಂಜಾನಿ ಕಣ್ಣಾರೆ ನೋಡಿದೆ. ಮುನ್ಸಿಪಾಲ್ಟಿ ಓವರ್ಸಿಯರ್ ಸಾಹೇಬರು ನೀರು ತುಂಬಿದ ತಂಬಗಿ ಹಿಡಕೊಂಡು ಟಾಂಗಾದಾಗ ಓಣಿ ಓಣಿ ತಿರಗತಾರ. ನೀರು ಚೆಲ್ಲಿದಲ್ಲೆ ರಿಪೇರಿ. ನಮ್ಮ ಓಣ್ಯಾಗ ಒಂದು ಹನಿನೂ ಚೆಲ್ಲಲಿಲ್ಲ.

ಯಾಕಂದ್ರ ಸಾಹೇಬರು ಬರತಾರಂತ ನಮ್ಮವ್ವ ನಿನ್ನೇನ ಓಣಿ ಹೆಣ್ಣುಮಕ್ಕಳನ್ನ ಕೂಡಿಸಿ, ತಗ್ಗಿಗೆಲ್ಲ ಮಣ್ಣು ಬಡದು, ಸಗಣಿ ಸಾರಿಸಿ, ರಂಗೋಲಿ ಹಾಕಿಸಿದ್ದಳು. ಹೋದ ವಾರ ಅದ ತಗ್ಗಿನಾಗ ಬಿದ್ದು ಕಾಲು ಉಳುಕಿಸಿಕೊಂಡಾಕಿನೂ ಆಕಿನ.

"ಅಲ್ಲಬೇ, ತಗ್ಗು ತೋರಿಸೋದು ಬಿಟ್ಟು ಮುಚ್ಚಿದಿ ಯಾಕ?" ಅಂತ ಕೇಳಿದೆ.

"ಬಂದವರಿಗೆ ಹರಕ ಚಾಪಿ ಹಾಸ್ತೀವೇನು?" ಅಂದಳು.

ಏನೂ ಸಾರಿಸದ ಹಿಂದಿನ ಓಣ್ಯಾಗ ನಾಳಿಂದ ರಸ್ತಾ ರಿಪೇರಿಗೆ ಖಡಿ ಬೀಳತೈತಂತ. ಆ ಓಣಿಯವರಿಗೆ ರೀತಿ ರಿವಾಜು ಗೊತ್ತಿಲ್ಲ ಅಂತ ಅವ್ವ ಇನ್ನೂ ಬೈಯಾಕತ್ತಾಳ, ಕಾಲಿಗೆ ಎಣ್ಣಿ ತಿಕ್ಕೋತ.