ಲೀಟರಕ್ಕನ ಎಮ್ಮೆ

ನಮ್ಮ ಬೀದಿಗೆ ಬಂದು ಲೀಟರಕ್ಕನ ಮನೆ ಯಾವುದು ಎಂದು ಕೇಳಿದರೆ ಎಳೆ ಮಕ್ಕಳೂ ಕೈ ತೋರಿಸುತ್ತಾರೆ. ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಅದನ್ನು ಕೂಗಿದರೆ ಅವಳೇ ಒಂದು ಗಳಿಗೆ ತಡೆದು ತಿರುಗಿ ನೋಡುತ್ತಾಳೆ.

ಅವಳು ನನ್ನ ಅಕ್ಕನ ಸೊಸೆ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ತೇಯುವ ಕೆಲಸ. ತಿರುಗುವ ಸಾಣೆಯ ಮೇಲೆ ನೀರು ತೊಟ್ಟಿಕ್ಕುತ್ತಿರುತ್ತದೆ, ಅವಳು ಗಾಜಿನ ಅಂಚನ್ನು ಅದಕ್ಕೆ ಒತ್ತಿ ಹಿಡಿದು ಚೌಕಟ್ಟಿಗೆ ಕೂರುವ ಹಾಗೆ ಸವೆಸುತ್ತಾಳೆ. ಕೂದಲೆಳೆಯಷ್ಟು ಹೆಚ್ಚು ತೇದರೆ ಗಾಜು ಗಿರಾಕಿಯ ತಟ್ಟೆಗೇ ಕಳಚಿ ಬೀಳುತ್ತದೆ. ಈ ಕೆಲಸ ಮಾಡಿ ಮಾಡಿ ಅವಳಿಗೆ ‘ಸುಮಾರು’ ಎಂಬ ಮಾತು ಕೇಳಿದರೆ ಮೈಯೆಲ್ಲ ಉರಿ. ಊಟಕ್ಕೆ ಸುಮಾರು ಎಂಟಕ್ಕೆ ಬರುತ್ತೇನೆ ಎಂದು ನಾನೊಮ್ಮೆ ಹೇಳಿದ್ದಕ್ಕೆ, “ಚಿಕ್ಕ ಮಾವ, ಸುಮಾರಿಗೆ ಬಂದ್ರೆ ಸುಮಾರಾದ ಊಟವೇ ಸಿಗೋದು” ಅಂದಿದ್ದಳು. ಮಾತಿನಲ್ಲಿ ಎಳ್ಳಷ್ಟೂ ಸಿಟ್ಟಿರಲಿಲ್ಲ, ಅನ್ನವಂತೂ ಆರಿತ್ತು.

ಇನ್ನು ಎಮ್ಮೆಯ ವಿಷಯ. ಅದು ಅವರ ಗಾಡಿ. ಏಳು ಜನ ಕೂರುವಂಥದ್ದು, ಕರ್ರಗೆ, ಅಗಲಕ್ಕೆ, ಕದಲು ಎಂದರೆ ಯೋಚನೆ ಮಾಡಿ ಕದಲುವಂಥದ್ದು. ಯಾರೋ ಓಡಿಸಿ ಬಿಟ್ಟದ್ದನ್ನು ಕೊಂಡದ್ದು. ಅದು ಬಂದು ನಿಂತ ದಿನ ಎದುರುಮನೆಯ ಮುಂಗೋಣೆಗೆ ಬೆಳಕು ಹೋಗಿ ಅವರು ಹಗಲಿನಲ್ಲೇ ದೀಪ ಹಾಕಿದರು. ಏಳೂ ಸೀಟಿಗೆ ಹೊಸ ಹೊದಿಕೆ ಹೊಲಿದವನು ನಾನು. ಅವರ ಮನೆಯ ಎದುರಿನ ಸಾಲಿನಲ್ಲೇ ನನ್ನ ಅಂಗಡಿ. ಸೀಟು ಹೊಲಿಯುವುದನ್ನು ನನಗೆ ಯಾರೂ ಕಲಿಸಲಿಲ್ಲ, ಹಳೆಯ ಹೊದಿಕೆ ಬಿಚ್ಚಿ ಬಿಚ್ಚಿ ನಾನೇ ಕಲಿತೆ. ಈ ಬೀದಿಯಲ್ಲಿ ನನ್ನ ಹೊಲಿಗೆ ಬಿಟ್ಟುಕೊಂಡ ಸೀಟು ಒಂದಿದ್ದರೆ ತಂದು ತೋರಿಸಲಿ.

ಅಷ್ಟು ದೊಡ್ಡ ಗಾಡಿ ಯಾಕೆ ಎಂದು ಜನ ಆಡಿಕೊಂಡರು. ಕಾರಣ ನನಗೆ ಗೊತ್ತು. ಮೊದಲು ಆ ಮನೆಯವರು ಎಲ್ಲಿಗೆ ಹೋದರೂ ಎರಡು ಪಾಲಾಗಿ ಹೋಗುತ್ತಿದ್ದರು, ಅರ್ಧ ಮಂದಿ ಚಿಕ್ಕ ಕಾರಿನಲ್ಲಿ, ಅರ್ಧ ಮಂದಿ ಬಾಡಿಗೆ ಗಾಡಿಯಲ್ಲಿ. ಒಂದು ಮದುವೆ ಮುಗಿಸಿ ಬರುವಾಗ ಲೀಟರಕ್ಕನ ಮೂವರು ಹೆಣ್ಣುಮಕ್ಕಳಲ್ಲಿ ಕಿರಿಯವಳು ಆ ಗಾಡಿಯಲ್ಲಿದ್ದಾಳೆ ಎಂದು ಇವರು, ಈ ಗಾಡಿಯಲ್ಲಿದ್ದಾಳೆ ಎಂದು ಅವರು. ಮನೆಗೆ ಬಂದು ನೋಡಿದರೆ ಮಗು ಎರಡರಲ್ಲೂ ಇಲ್ಲ! ಎದ್ದೆವೋ ಬಿದ್ದೆವೋ ಎಂದು ಹಿಂದಕ್ಕೆ ಓಡಿದಾಗ ಅವಳು ಮದುವೆ ಮನೆಯ ಬಾಗಿಲಲ್ಲಿ ಚಪ್ಪಲಿ ಕಾಯುವವಳ ಪಕ್ಕ ಕೂತು, ಬಂದವರಿಗೆ ಜೊತೆ ಹುಡುಕಿಕೊಡುತ್ತಿದ್ದಳು. ಅಳು ಮಗುವಿಗೆ ಬರಲಿಲ್ಲ, ತಾಯಿಗೆ ಬಂತು. ಆವತ್ತೇ ಲೀಟರಕ್ಕ ಅಂದಳು, ಇನ್ನು ಮೇಲೆ ಈ ಮನೆ ಹೊರಟರೆ ಒಂದೇ ಗಾಡಿಯಲ್ಲಿ ಹೊರಡಬೇಕು.

ಗಾಡಿಯನ್ನು ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡರು, ಅವಳ ಮಾವನೊಬ್ಬನನ್ನು ಬಿಟ್ಟು. ಅವನೆಂದರೆ ನನ್ನ ಬಾವ. ಮೀಸೆ ಬಂದಾಗ ಹತ್ತಿದ ಲಾರಿಯನ್ನು ಮೀಸೆ ಬೆಳ್ಳಗಾದ ಮೇಲೆ ಇಳಿದವನು. ಅವನಿಗೆ ಲಾರಿಯೊಂದೇ ಗಾಡಿ, ಉಳಿದವೆಲ್ಲ ಆಟದ ಸಾಮಾನು.

“ಎಷ್ಟು ಕೊಡುತ್ತಮ್ಮಾ ನಿನ್ನ ಎಮ್ಮೆ?” ಎಂದು ಬಾವ ದಿನಾ ತಟ್ಟೆಯ ಮುಂದೆ ಕೂತು ಕೆಣಕುತ್ತಿದ್ದ.

“ಸ್ಟೇರಿಂಗ್ ಮುಂದಿರೋ ಪರದೆ ಲೀಟರಿಗೆ ಹನ್ನೆರಡು ಕಿಲೋಮೀಟರು ಅನ್ನುತ್ತೆ ಮಾವ. ನಾನು ಅದನ್ನ ನಂಬಲ್ಲ.”

“ಯಾಕೆ?”

“ತನ್ನ ಗುಣ ತಾನೇ ಹೇಳ್ಕೊಳ್ಳೋರನ್ನ ನೀವು ನಂಬ್ತೀರಾ?”

ಹಾಗಾಗಿ ಅವಳೇ ಅಳೆದಳು. ಬೆಳಿಗ್ಗೆ ತಂಪು ಹೊತ್ತಿನಲ್ಲಿ, ಅದೇ ಬಂಕು, ಅದೇ ಪಂಪು, ನೆಲ ಮಟ್ಟಸವಾಗಿರುವ ಅದೇ ಜಾಗ. ಡೀಸೆಲ್ ತುಂಬಿ ಪಂಪಿನ ಮೂತಿ ಟಕ್ ಎಂದ ಕೂಡಲೇ ನಿಲ್ಲಿಸುವುದು, ಓಡಿದ ದೂರದ ಮೀಟರನ್ನು ಸೊನ್ನೆಗೆ ತರುವುದು, ಟ್ಯಾಂಕು ಬರಿದಾಗುವ ಹೊತ್ತಿಗೆ ಮತ್ತೆ ಅಲ್ಲೇ ಬಂದು ಟಕ್ ಎನ್ನುವವರೆಗೆ ತುಂಬಿ, ಎಷ್ಟು ಲೀಟರಿಗೆ ಎಷ್ಟು ದೂರ ಎಂದು ಮನಸ್ಸಿನಲ್ಲೇ ಭಾಗಿಸುವುದು. ಬಂಕಿನವನಿಗೆ ಮೊದಮೊದಲು ನಗು.

“ಅಕ್ಕಾ, ಇನ್ನೊಂದು ಲೀಟರು ಹಿಡಿಯುತ್ತೆ, ಒತ್ತಲಾ?”

“ಟಕ್ ಅಂದ್ಮೇಲೆ ಒತ್ತಿದ್ರೆ ನಿನ್ನ ಕತ್ತು ಒತ್ತೀನಿ.”

“ಒಂದು ಲೀಟರಿಗೆ ಕೊಲೆನಾ ಲೀಟರಕ್ಕಾ!”

ಆ ಹೆಸರು ಬಂಕಿನಿಂದ ಬೀದಿಗೆ ಅವಳಿಗಿಂತ ಮೊದಲೇ ಬಂದು ಸೇರಿತು.

ಬಂದ ಲೆಕ್ಕ ಎಂಟೂವರೆ. ಅವಳು ಅದನ್ನು ಊಟದ ಹೊತ್ತಿಗೆ ಎಲ್ಲರ ಮುಂದೆ ಹೇಳಿದಳು, ಮುಚ್ಚಿಡಲಿಲ್ಲ. ಬಾವನಿಗೆ ಹಬ್ಬ. “ಎಂಟೂವರೆ! ನನ್ನ ಲಾರಿ ಬೆಟ್ಟದಂಥ ಹೊರೆ ಹೊತ್ಕೊಂಡು ಇದಕ್ಕೆ ಸಮ ನಿಲ್ತಿತ್ತು. ಇದು ಏಳು ಜನ ಬಡಕಲರನ್ನ ಹೊರೋಕೆ ಕೆರೆ ಕುಡಿದ ಹಾಗೆ ಕುಡಿಯುತ್ತೆ. ಮುಂದಿನ ಟ್ಯಾಂಕಿಗೆ ಹತ್ತು ಕೊಡ್ಲಿ, ನನ್ನ ಬಾಯಿಗೆ ಬೀಗ. ಕೊಡ್ಲಿಲ್ವೋ, ಮಾರಿ ಚಿಕ್ಕದು ತಗೋಬೇಕು. ಶಾಮಿಯಾನದವನು ಆಗಲೇ ಕೇಳಿದಾನೆ.”

“ಅಪ್ಪ, ಸುಮ್ನಿರು” ಎಂದ ಅವಳ ಗಂಡ. ಅವನು ಅಂಚೆ ವಿಂಗಡಿಸುವವನು, ಯಾರ ಕಾಗದ ಯಾರಿಗೆ ಎಂದು ಗೊತ್ತು, ಯಾರ ಮಾತಿಗೆ ಏನು ಎಂದು ಗೊತ್ತಿಲ್ಲ.

“ಆಯ್ತು ಮಾವ. ಹತ್ತು” ಎಂದುಬಿಟ್ಟಳು ಲೀಟರಕ್ಕ. ಆಡಿದ ಮಾತಿನಿಂದ ಹಿಂದೆ ಸರಿಯುವ ಹೆಣ್ಣಲ್ಲ ಅವಳು. ಅಕ್ಕ ನೀರಿನ ಲೋಟ ಕುಕ್ಕಿ ಇಟ್ಟಳು. ಎರಡು ಪಾಲಾಗಿ ಹೋಗುವ ಕಾಲ ಮತ್ತೆ ಬರಬಹುದು ಎಂದು ಅಲ್ಲಿ ಕೂತ ಎಲ್ಲರಿಗೂ ತಿಳಿಯಿತು.

ಮರುದಿನದಿಂದ ಎಮ್ಮೆಗೆ ಪಥ್ಯ. ನೆತ್ತಿಯ ಮೇಲಿನ ಕಬ್ಬಿಣದ ಚೌಕಟ್ಟು ಬಿಚ್ಚಿ ನನ್ನ ಅಂಗಡಿಯ ಅಟ್ಟಕ್ಕೆ ಹಾಕಿದಳು. ಡಿಕ್ಕಿಯಿಂದ ಮುರಿದ ಛತ್ರಿಗಳು, ಯಾವ ಕಾಲದ್ದೋ ಮಡಚುವ ಕುರ್ಚಿ, ಒಂಟಿ ಬೂಟು ಎಲ್ಲ ಹೊರಬಂದವು. ಚಕ್ರಗಳ ಗಾಳಿ ನೋಡಿಸಿದಳು. ವೇಗದ ಪೆಡಲಿನ ಮೇಲೆ ಅವಳ ಪಾದ ಮೊಟ್ಟೆಯ ಮೇಲೆ ಇಟ್ಟ ಹಾಗೆ ಇರುತ್ತಿತ್ತು. ಗಂಡನ ಹೊಟ್ಟೆ ನೋಡಿ, “ನಿಮ್ಮಲ್ಲೂ ಸ್ವಲ್ಪ ಇಳಿಸಬಹುದಿತ್ತು” ಅಂದಳಂತೆ. ಅವನು ಎರಡು ದಿನ ಅರ್ಧ ಊಟ ಮಾಡಿ, ಮೂರನೆಯ ದಿನ ನನ್ನ ಅಂಗಡಿಯಲ್ಲಿ ಕೂತು ನನ್ನ ಬುತ್ತಿ ಖಾಲಿ ಮಾಡಿದ.

ಇಷ್ಟಾದರೂ ಡೀಸೆಲ್ ಮುಳ್ಳು ಬೇಗ ಬೇಗ ಇಳಿಯುತ್ತಿತ್ತು. ಎಲ್ಲಾದರೂ ಸೋರುತ್ತಿದೆಯೇ ಎಂದು ಗಾಡಿಯ ಕೆಳಗೆ ರಟ್ಟು ಹಾಸಿ ನೋಡಿದಳು. ಒಂದು ಹನಿ ಇಲ್ಲ. ಅವಳು ಸೊರಗಿದಳು.

ಒಂದು ಮಧ್ಯಾಹ್ನ ಸಾಣೆಯ ಕಲ್ಲು ಸೀಳಿ ಹೋಯಿತೆಂದು ಅವಳಿಗೆ ಬೇಗ ಬಿಡುವಾಯಿತು. ನಡೆದು ಬಂದವಳು ನನ್ನ ಅಂಗಡಿಯ ಮುಂದೆ ಗಕ್ಕನೆ ನಿಂತಳು. ಎದುರಿಗೆ ಮರದ ನೆರಳಿನಲ್ಲಿ ಎಮ್ಮೆ ನಿಂತಿತ್ತು. ನಿಂತಲ್ಲೇ ಗುರುಗುಟ್ಟುತ್ತಿತ್ತು. ಕಿಟಕಿಯ ಗಾಜು ನಾಲ್ಕು ಬೆರಳು ಇಳಿದಿತ್ತು. ಒಳಗೆ ಚಾಲಕನ ಸೀಟನ್ನು ಹಿಂದಕ್ಕೆ ಒರಗಿಸಿ, ಒಂದು ಕೈ ಗೇರಿನ ಮೇಲೆ ಇಟ್ಟು, ಬಾಯಿ ತೆರೆದು ನನ್ನ ಬಾವ ನಿದ್ದೆ ಹೊಡೆಯುತ್ತಿದ್ದ. ಇಂಜಿನ್ನು ನಡುಗಿದ ಹಾಗೆಲ್ಲ ಅವನ ಮೀಸೆ ನಡುಗುತ್ತಿತ್ತು.

ಅವಳು ಒಳಗೆ ಬಂದು ನನ್ನ ಎದುರಿನ ಸ್ಟೂಲಿನ ಮೇಲೆ ಕೂತಳು.

“ಚಿಕ್ಕ ಮಾವ, ಇದು ಯಾವಾಗಿಂದ?”

“ಗಾಡಿ ಬಂದ ವಾರದಿಂದ. ದಿನಾ ಒಂದು ಗಂಟೆ. ಇನ್ನೊಂದು ಕೀಲಿ ಕೈ ಅವನ ಜೇಬಲ್ಲೇ ಇರುತ್ತೆ. ಹೊಗೆ ತಡೀಲಾರದೆ ನಾನು ಅರ್ಧ ಬಾಗಿಲು ಹಾಕ್ಕೊಂಡು ಹೊಲೀತೀನಿ.”

“ನನಗೆ ಹೇಳಬಾರದಿತ್ತಾ?”

“ಹೇಳಿದ್ರೆ ನಾಲಿಗೆ ಹೊಲಿದುಬಿಡ್ತೀನಿ ಅಂದ. ಹೊಲಿಯೋನಿಗೇ ಹೇಳ್ತಾನೆ ನೋಡು!”

ಅವಳಿಗೆ ನಗು ಬರಲಿಲ್ಲ. ಕತ್ತರಿಯನ್ನು ತೆಗೆದುಕೊಂಡು ತೆರೆಯುತ್ತ ಮುಚ್ಚುತ್ತ ಕೂತಳು. ನಾನು ಮುಂದುವರಿಸಿದೆ. “ಪಂಥ ಕಟ್ಟಿದ ಮೇಲೆ ಅವನೂ ಹೆದರಿದಾನೆ ಕಣಮ್ಮ. ಎರಡು ದಿನ ಗಾಡಿ ಹತ್ತಿರ ಬಂದು, ಬಾಗಿಲು ಮುಟ್ಟಿ, ವಾಪಸ್ಸು ಹೋದ. ಕಣ್ಣು ಕೆಂಡ ಆಗಿತ್ತು. ಮೂರನೇ ದಿನ ತಡೀಲಿಲ್ಲ.”

“ಮನೇಲಿ ಅವರು ನಿದ್ದೆ ಮಾಡಿದ್ದನ್ನ ನಾನು ನೋಡೇ ಇಲ್ಲ” ಅಂದಳು ಮೆಲ್ಲಗೆ. “ಮಗ್ಗುಲಾಗ್ತಾರೆ, ಏಳ್ತಾರೆ, ನೀರು ಕುಡೀತಾರೆ, ಕಿಟಕಿ ಹತ್ತಿರ ನಿಲ್ತಾರೆ. ಹಾಸಿಗೆ ಬದಲಾಯಿಸಿದ್ವಿ, ಮಂಚ ಬದಲಾಯಿಸಿದ್ವಿ. ಮನೆ ಅಲುಗಾಡಲ್ಲ ಅನ್ನೋದೇ ಕಾಯಿಲೆ ಅಂತ ಯಾರಿಗೆ ಹೊಳೀಬೇಕು?”

“ಇನ್ನೇನು, ಕೀಲಿ ಬಚ್ಚಿಡು. ಹತ್ತು ದಾಟುತ್ತೆ.”

“ನಿದ್ದೆ?”

“ಹಾಗಾದ್ರೆ ಅವನ ಮುಖಕ್ಕೇ ಹೇಳು.”

“ಹೇಳಿದ್ರೆ ನಾಳೆಯಿಂದ ಆ ಬಾಗಿಲು ಮುಟ್ಟಲ್ಲ. ಅವರ ಹಠ ನಿಮಗೆ ಗೊತ್ತಿಲ್ವಾ?” ಎಂದವಳು ಎದ್ದು, ಮನೆಗೆ ಹೋಗದೆ, ಬೀದಿಯ ತುದಿಗೆ ಹೋಗಿ, ಬಾವ ಎದ್ದು ಇಂಜಿನ್ನು ಆರಿಸಿ ಒಳಗೆ ಹೋಗುವವರೆಗೆ ತರಕಾರಿ ಗಾಡಿಯ ಹತ್ತಿರ ನಿಂತಿದ್ದಳು. ಆಗ ಕೊಂಡ ಬದನೆಕಾಯಿ ಆ ಮನೆಯಲ್ಲಿ ಒಬ್ಬರೂ ತಿನ್ನುವುದಿಲ್ಲ.

ಅವಳು ಕೀಲಿ ಬಚ್ಚಿಡಲಿಲ್ಲ. ಮಿಕ್ಕದ್ದೆಲ್ಲ ಮಾಡಿದಳು. ಸಾಮಾನು ತರಲೂ ನಡೆದೇ ಹೋದಳು. ಮಕ್ಕಳನ್ನು ಬಿಡುವಾಗ ನಿಂತು ನಿಂತು ಹೋಗುವ ಪೇಟೆ ದಾರಿ ಬಿಟ್ಟು, ದೂರವಾದರೂ ಸರಾಗವಾಗಿ ಓಡುವ ಹೊರ ದಾರಿ ಹಿಡಿದಳು. ಮಾವನ ನಿದ್ದೆಯ ಪಾಲನ್ನು ಬೇರೆಲ್ಲಿಂದಾದರೂ ಹಿಂಡಿ ತೆಗೆಯಬಹುದೇ ಎಂದು ಅವಳ ಲೆಕ್ಕಾಚಾರ.

ಟ್ಯಾಂಕು ಮುಗಿಯಿತು. ಬಂಕಿನವನೂ ಉಸಿರು ಬಿಗಿಹಿಡಿದು ಪಂಪಿನ ಅಂಕಿ ನೋಡುತ್ತಿದ್ದನಂತೆ. ಟಕ್ ಎಂದ ಮೇಲೆ ಅವನು ಕೇಳಿದ, “ಅಕ್ಕಾ, ಒಂದು ನಾಲ್ಕು ಲೀಟರು ಕಮ್ಮಿ ಅಂತ ಹೇಳ್ಬಿಡು. ನಾನೇನು ಸಾಕ್ಷಿಗೆ ಬರ್ತೀನಾ?” ಅವಳು ಹಣ ಕೊಟ್ಟು ಗಾಡಿ ಹತ್ತಿದಳು. ಮನೆಗೆ ಬಂದು ಹೇಳಿದಳು, “ಒಂಬತ್ತೂ ಕಾಲು. ಸೋತೆ.”

ಬಾವ ಗೆದ್ದವನ ಹಾಗೆ ಕಾಣಲಿಲ್ಲ. ತಟ್ಟೆಯಲ್ಲಿದ್ದುದನ್ನು ಬಿಟ್ಟು ಕೈ ತೊಳೆದುಕೊಂಡ.

ಶಾಮಿಯಾನದವನು ಸಂಜೆ ಸ್ಕೂಟರಿನಲ್ಲಿ ಬಂದು, ಅದನ್ನು ಎಮ್ಮೆಯ ಮೂಗಿಗೇ ಅಡ್ಡ ನಿಲ್ಲಿಸಿದ. ಎಲ್ಲರೂ ಹೊರಗೆ ಬಂದು ನಿಂತಿದ್ದೆವು. ಅವನು ಚಕ್ರ ಒದ್ದ, ಬಾನೆಟ್ಟು ತಟ್ಟಿದ, ಕೊಳ್ಳುವವರೆಲ್ಲ ಕೇಳುವುದನ್ನೇ ಕೇಳಿದ. “ಎಷ್ಟು ಕೊಡುತ್ತಮ್ಮಾ?”

“ಒಂಬತ್ತೂ ಕಾಲು.”

“ಹನ್ನೆರಡು, ಹದಿಮೂರು ಅಂತೆಲ್ಲ ಹೇಳ್ಬೇಕಮ್ಮಾ! ನಾನು ಚೌಕಾಸಿ ಮಾಡೋದು ಹೇಗೆ?” ಎಂದು ನಗುತ್ತ ಒಳಗೆ ಕೂತು ಇಂಜಿನ್ನು ಹಾಕಿದ. “ಸದ್ದು ಚೆನ್ನಾಗಿದೆ. ಸೀಟುಗಳು ನನಗೆ ಬೇಡ, ಕಿತ್ತು ಗುಜರಿಗೆ ಹಾಕ್ತೀನಿ. ಒಳಗೆಲ್ಲ ಕಂಬ, ಕುರ್ಚಿ ತುಂಬಬೇಕು. ಇದೊಂದು ಚಾಲಕನ ಸೀಟು ಯಾಕೋ ಹಿಂದಕ್ಕೆ ಬಿದ್ದುಹೋಗಿದೆಯಲ್ಲ, ಇದನ್ನೂ ಬದಲಾಯಿಸಬೇಕು.”

ಬಾವ ಗಾಡಿಯ ಬಾಗಿಲು ತೆರೆದು ಹಿಡಿದ.

“ಇಳಿ ಕೆಳಗೆ.”

“ಏನು ಯಜಮಾನ್ರೇ?”

“ಇಳಿಯಯ್ಯಾ ಅಂದೆ. ಲೆಕ್ಕ ತಪ್ಪಾಗಿದೆ.”

“ಮಾವ, ನನ್ನ ಲೆಕ್ಕ ತಪ್ಪಿಲ್ಲ” ಎಂದಳು ಲೀಟರಕ್ಕ. ಬೇರೆ ಏನು ಬೇಕಾದರೂ ಸಹಿಸಿಯಾಳು, ಇದೊಂದನ್ನಲ್ಲ.

“ತಪ್ಪಿದೆ! ಓಡಿದ್ದನ್ನ ಮಾತ್ರ ಲೆಕ್ಕ ಹಾಕಿದೀಯ. ನಿಂತಲ್ಲೇ ಕುಡಿದದ್ದು ನಿನಗೇನು ಗೊತ್ತು?” ಬಾವ ಎಲ್ಲರ ಕಡೆ ಒಮ್ಮೆ ನೋಡಿ, ಆಮೇಲೆ ಯಾರ ಕಡೆಗೂ ನೋಡದೆ, ಎಮ್ಮೆಯ ಚಕ್ರಕ್ಕೆ ಹೇಳುವವನ ಹಾಗೆ ಹೇಳಿದ. “ನಾನು ಅದರಲ್ಲಿ ಮಲಗ್ತೀನಿ. ಮಧ್ಯಾಹ್ನ, ಇಂಜಿನ್ ಹಾಕ್ಕೊಂಡು. ಮಂಚದ ಮೇಲೆ ನಿದ್ದೆ ಹತ್ತಲ್ಲ ನಂಗೆ. ಅಷ್ಟೇ.”

ಅವನ ಮಗನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಅಕ್ಕ ಮಾತ್ರ ಸೊಂಟಕ್ಕೆ ಕೈ ಕೊಟ್ಟು, “ಅಂತೂ ಬಾಯಿ ಬಿಟ್ಯಲ್ಲ ಮಹಾರಾಯ! ಕೆನ್ನೆ ಮೇಲೆ ಸೀಟಿನ ಹೊಲಿಗೆ ಅಚ್ಚು ಹೊತ್ಕೊಂಡು ಬರ್ತಿದ್ದೆ, ನಾನೇನು ಕುರುಡಿನಾ?” ಎಂದಳು. ಹಿರಿಯ ಮೊಮ್ಮಗಳು ಕಿಸಕ್ಕನೆ ನಕ್ಕಳು.

“ನಗಬೇಡ್ರೇ” ಎಂದು ಬಾವ ಗದರಿ, ಸೊಸೆಯ ಕಡೆ ತಿರುಗಿದ. “ಆ ನಿದ್ದೆ ಕುಡಿದದ್ದನ್ನ ಕಳೆದು ನೋಡು. ಹತ್ತು ಬರುತ್ತೆ. ಹತ್ತರ ಮೇಲೇ ಬರುತ್ತೆ.”

“ಬರುತ್ತೆ” ಎಂದಳು ಅವಳು. “ಆದ್ರೆ ಕಳೆಯಲ್ಲ ಮಾವ.”

“ಯಾಕೆ?”

“ಮನೆ ಗಾಡಿ ಅಂದ್ಮೇಲೆ ಮಕ್ಕಳನ್ನ ಬಿಡೋದೂ ಅದರ ಕೆಲಸ, ನಿಮ್ಮನ್ನ ಮಲಗಿಸೋದೂ ಅದರ ಕೆಲಸ. ಒಂದನ್ನ ಇಟ್ಟು ಇನ್ನೊಂದನ್ನ ಕಳೆದ್ರೆ ಅದು ಸುಳ್ಳು ಲೆಕ್ಕ ಆಗುತ್ತೆ. ನಮ್ಮ ಮನೇಲಿ ಇದು ಕೊಡೋದು ಒಂಬತ್ತೂ ಕಾಲೇ.”

ಅವಳಿಗೆ ಮೊದಲೇ ತಿಳಿದಿತ್ತು ಎನ್ನುವುದು ಬಾವನಿಗೆ ಆಗ ಹೊಳೆದಿರಬೇಕು. ನನ್ನ ಕಡೆ ಕೆಕ್ಕರಿಸಿ ನೋಡಿದ. ನಾನು ಮರದ ಮೇಲಿನ ಕಾಗೆಯನ್ನು ನೋಡಿದೆ.

“ಹತ್ತು ಅಂದೋನು ಯಾರು?” ಎಂದ ಕೊನೆಗೆ.

“ನೀವೇ ಮಾವ.”

“ಹಾಗಾದ್ರೆ ಇಳಿಸೋನೂ ನಾನೇ. ಒಂಬತ್ತೂ ಕಾಲು ಸಾಕು. ಈ ಗಾತ್ರಕ್ಕೆ ಅದು ಕಡಿಮೆ ಏನಲ್ಲ.” ಎಂದವನೇ, ಅಲ್ಲಿಗೇ ಬಿಟ್ಟರೆ ಸಣ್ಣವನಾಗಿಬಿಡುತ್ತೇನೆ ಎನ್ನಿಸಿತೋ ಏನೋ, ದನಿ ಏರಿಸಿದ. “ಆದ್ರೆ ಏರು ದಾರೀಲಿ ನೀನು ಗೇರು ಹಾಕೋದು ಕೇಳಿಸ್ಕೊಳ್ಳೋಕಾಗಲ್ಲ ತಾಯಿ. ಇಂಜಿನ್ನು ಗೋಳಾಡುತ್ತೆ. ಬಾ, ಹತ್ತು, ತೋರಿಸ್ತೀನಿ. ಎಲ್ಲಾದ್ರೂ ಅರ್ಧ ಲೀಟರು ಉಳಿಯುತ್ತೆ ಅಂದ್ರೆ ಅಲ್ಲೇ.”

ಅವಳು ಚಾಲಕನ ಸೀಟನ್ನು ನೆಟ್ಟಗೆ ಮಾಡಿಕೊಂಡು ಕೂತಳು. ಬಾವ ಪಕ್ಕಕ್ಕೆ ಹತ್ತಿದ. ಅವರಿಬ್ಬರೇ ಹೋಗಬೇಕಾಗಿದ್ದದ್ದು. ಮಕ್ಕಳು ನುಗ್ಗಿದವು, ಅವುಗಳ ಹಿಂದೆ ಅಕ್ಕ ಚಪ್ಪಲಿಯನ್ನೂ ಮೆಟ್ಟದೆ ಹತ್ತಿದಳು, ಎಲ್ಲರೂ ಹೋದರೆ ನಾನೇನು ಮಾಡಲಿ ಎಂದು ಗಂಡನೂ ಹಿಂದಿನ ಸಾಲಿನಲ್ಲಿ ಮಂಡಿ ಮಡಚಿ ಕೂತ. ಒಳಗೆ ಕೂತವರನ್ನೆಲ್ಲ ಲೀಟರಕ್ಕ ಕನ್ನಡಿಯಲ್ಲಿ ಒಬ್ಬೊಬ್ಬರಾಗಿ ನೋಡಿದಳು.

ಶಾಮಿಯಾನದವನು ಕೈಯಲ್ಲಿ ಟೋಪಿ ಹಿಡಿದು ಇನ್ನೂ ಅಲ್ಲೇ ನಿಂತಿದ್ದ. “ಅಲ್ಲಾ, ನನ್ನ ಕಥೆ ಏನು?” ಎಂದು ಕೇಳಿದ.

ಬಾವ ಕಿಟಕಿಯಿಂದ ತಲೆ ಹೊರಗೆ ಹಾಕಿ, “ನಿನ್ನ ಸ್ಕೂಟರು ಪಕ್ಕಕ್ಕೆ ತಗೊಳ್ಳಯ್ಯಾ, ಎಮ್ಮೆ ನಿಂತಲ್ಲೇ ಡೀಸೆಲ್ ಸುಡ್ತಿದೆ!” ಎಂದ.