‘ಸಾಕು’ ಅನ್ನದ ಕಾಲು

ಮೊದಲು ತಣ್ಣಗಾದದ್ದು ಬಲಗಾಲಿನ ಹೆಬ್ಬೆರಳು. ನಮ್ಮ ಯಜಮಾನರು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ವ್ಯಾಪಾರಿ. ಬೆಳಗಿನಿಂದ ಸಂಜೆವರೆಗೆ ಗಾದಿ ಬಿಟ್ಟು ಏಳದ ಮನುಷ್ಯ. ಜೋಮು ಹಿಡಿದಿರಬೇಕು ಅಂದುಕೊಂಡೆವು.

ಹೊಟ್ಟೆಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಬರುವುದಾದರೂ ಹೇಗೆ? ಅವರ ಬೆಳ್ಳಿ ಉಡಿದಾರ ಬಿಗಿಯಾದಾಗಲೆಲ್ಲ ಅತ್ತೆ ಆಚಾರಿಯನ್ನು ಕರೆಸಿ ಕೊಂಡಿ ಸೇರಿಸುತ್ತಿದ್ದರು. ಅವತ್ತು ಮನೆಯಲ್ಲಿ ಪಾಯಸ. ಮಗ ಮೈ ತುಂಬಿಕೊಂಡ ಎಂದು ಬೀದಿಗೆಲ್ಲ ಹೇಳಿ ಬರುವರು. ನನ್ನನ್ನು ನೋಡಿ, ಇವಳಿಗೆ ತಿಂದದ್ದು ಮೈಗೆ ಹತ್ತುವುದಿಲ್ಲ ಎಂದು ಮೂಗು ಮುರಿಯುವರು. ಆರು ವರ್ಷದಲ್ಲಿ ನಾಲ್ಕು ಸಲ ಆ ಪಾಯಸ ಮಾಡಿದ್ದೇನೆ. ಬಡಿಸಿದವಳೂ ನಾನೇ.

ಬೆರಳಾಯಿತು, ಆಮೇಲೆ ಪಾದವೂ ತಣ್ಣಗಾಯಿತು. ಶೀತ ಇಳಿದಿದೆ, ಉಪ್ಪಿನ ಶಾಖ ಕೊಡು ಎಂದರು ಅತ್ತೆ. ಕಲ್ಲುಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಒತ್ತುವುದು. ನಮ್ಮ ಕಡೆ ಶಾಖಕ್ಕೆ ಬೇರೆ ಅಳತೆಯಿಲ್ಲ. ಕೊಡಿಸಿಕೊಳ್ಳುವವರು ಸಾಕು ಅನ್ನುವವರೆಗೆ ಕೊಡಬೇಕು, ಅಷ್ಟೆ.

ಅವರು ಸಾಕು ಅನ್ನಲಿಲ್ಲ.

“ಇನ್ನೊಂಚೂರು ಬಿಸಿ ಮಾಡ್ಕಂಡು ಬಾ ಕಣಮ್ಮಿ, ಏನೂ ಗೊತ್ತಾಯ್ತಿಲ್ಲ” ಎಂದರು.

ಬಟ್ಟೆಯ ಮೇಲಿಂದಲೇ ನನ್ನ ಬೆರಳು ಚುರುಗುಟ್ಟುತ್ತಿತ್ತು. ಆದರೂ ಇನ್ನೆರಡು ಸಲ ಹುರಿದು ತಂದೆ. ನನ್ನ ಬುದ್ಧಿಗೆ ಏನಾಗಿತ್ತೋ. ಮಾರನೆಯ ಬೆಳಿಗ್ಗೆ ಅಂಗಾಲ ತುಂಬ ಬೊಬ್ಬೆ. ವಾರದೊಳಗೆ ಹೆಬ್ಬೆರಳು ಕಪ್ಪಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಯೂರಿನ್ನಿಗೆ ನೀಲಿ ಔಷಧಿ ಬೆರೆಸಿ ಟೆಸ್ಟ್ ಟ್ಯೂಬಿನಲ್ಲಿ ಕಾಯಿಸಿದರು. ಇಟ್ಟಿಗೆ ಬಣ್ಣ ಬಂತು. ಡಯಾಬಿಟಿಸ್, ಬಹಳ ವರ್ಷದ್ದು ಅಂದರು. ಟೇಪು ಹಿಡಿದು ಸೊಂಟ ಅಳೆದರು. ನಲವತ್ತೇಳು ಇಂಚು. ಮೊದಲು ಎಷ್ಟಿತ್ತು ಎಂದು ಕೇಳಿದಾಗ ನಾನು ಉಡಿದಾರದ ಹೊಸ ಕೊಂಡಿಗಳನ್ನು ಬೆರಳಿಟ್ಟು ತೋರಿಸಿದೆ. ಹೆಮ್ಮೆಪಟ್ಟದ್ದೆಲ್ಲ ರೋಗದ ಲೆಕ್ಕಕ್ಕೆ ಬಂತು. ಪಾದದ ಮೇಲೆ ಬಹಳ ಹೊತ್ತು ನಾಡಿ ಹುಡುಕಿದರು. ಸಿಗಲಿಲ್ಲ. ರಕ್ತನಾಳ ಕಟ್ಟಿಕೊಂಡಿದೆ, ನರಗಳೂ ಸತ್ತಿವೆ, ಅದಕ್ಕೇ ಉರಿ ತಿಳಿದಿಲ್ಲ ಎಂದು ಬಿಡಿಸಿ ಹೇಳಿ, ಶಾಖ ಕೊಟ್ಟವರು ಯಾರು ಎಂದು ಕೇಳಿದರು.

ಅತ್ತೆ ನನ್ನ ಮುಖ ನೋಡಿದರು.

“ನಾನೇ ಕೊಟ್ಕಂಡೆ ಸಾ” ಎಂದರು ಯಜಮಾನರು.

ನಾನು ಅಲ್ಲ ಅನ್ನಲಿಲ್ಲ.

ಮೈಸೂರಿಗೆ ಕರೆದುಕೊಂಡು ಹೋಗಿ, ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಸಿದೆವು.

ಈಗ ನಾಲ್ಕು ತಿಂಗಳು. ದಿನಾ ಇನ್ಸುಲಿನ್, ಅಳತೆಯ ಮುದ್ದೆ, ಸೊಪ್ಪು. ಮೊನ್ನೆ ಯಳಂದೂರಿನಿಂದ ಬಂದ ನೆಂಟರು, ಎಷ್ಟು ಇಳಿದುಹೋಗಿದ್ದಾನೆ, ಹೆಂಡತಿ ಹೊಟ್ಟೆಗೆ ಹಾಕುತ್ತಾಳೋ ಇಲ್ಲವೋ ಎಂದು ಅತ್ತೆಯ ಹತ್ತಿರ ಪಿಸುಗುಟ್ಟಿದರು. ಆ ಬಾಯಿಗೆ ಹುರಿದ ಉಪ್ಪು ತುರುಕಬೇಕು ಅನ್ನಿಸಿತು. ಕಾಫಿ ಕೊಟ್ಟು ಕಳಿಸಿದೆ.

ಎಡಗಾಲಿನ ನಾಡಿ ನೋಡುವುದನ್ನು ಡಾಕ್ಟರು ಕಲಿಸಿಕೊಟ್ಟಿದ್ದಾರೆ. ಬೆಳಿಗ್ಗೆ ಎದ್ದ ಕೂಡಲೇ ಬೆರಳಿಡುತ್ತೇನೆ. ಸಣ್ಣಗೆ ಬಡಿಯುತ್ತದೆ. ಬಡಿಯುವಷ್ಟು ದಿನ ಬಡಿಯಲಿ. ನೆಂಟರು ಹೋದ ಮಾರನೆಯ ದಿನ ಹಾಗೆ ಕೂತಿದ್ದಾಗ ತಡೆಯಲಾಗಲಿಲ್ಲ.

“ಸುಟ್ಟವ್ಳು ನಾನು ಕಣ್ರಿ” ಎಂದೆ.

“ಗೊತ್ತು. ಅದು ಓಯ್ತು. ಇದ್ನ ನೋಡ್ಕ” ಎಂದು ಎಡಗಾಲನ್ನು ಎತ್ತಿ ನನ್ನ ಮಡಿಲಿಗಿಟ್ಟರು.