ಅತ್ತೆ ಹಾಕದ ಬಾಗಿಲು

ನಮ್ಮೂರಿನಲ್ಲೇ ತೆಗೆದ ಆ ಸಿನಿಮಾದಲ್ಲಿ ನಮ್ಮ ಮನೆಯ ಬಾಗಿಲು ಇಲ್ಲ. ಬಿಡುಗಡೆಯಾದ ವಾರ ಊರಿನವರೆಲ್ಲ ಟೆಂಪೋ ಮಾಡಿಕೊಂಡು ಮಂಡ್ಯದ ಟಾಕೀಸಿಗೆ ಹೋಗಿದ್ದೆವು. ಪರದೆಯ ಮೇಲೆ ನಮ್ಮ ಬೀದಿ, ಬೇವಿನ ಮರ, ಹಾಲಿನ ಡೈರಿ ಎಲ್ಲ ಬಂದವು. ಬಾಯಾರಿ ನಿಂತ ನಾಯಕಿಯ ಮುಖದ ಮೇಲೆ ಧಡಾರನೆ ಮುಚ್ಚಿಕೊಂಡ ಬಾಗಿಲು ಮಾತ್ರ ಪಕ್ಕದ ಬೀದಿಯದು. ಆಗ ನಮ್ಮೂರ ಹೆಂಗಸರೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಟೆಂಪೋ ಹತ್ತುವಾಗ ಇವರೇ ನಮ್ಮ ಬೀದಿಯ ಒಬ್ಬ ಹೆಂಗಸನ್ನು ಬೇಕೆಂದೇ ಕರೆಯದೆ ಬಂದಿದ್ದರು.

ನಾನು ಮಳವಳ್ಳಿಯ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವವಳು. ಮದುವೆಯಾಗಿ ಬಂದದ್ದು ಮದ್ದೂರಿನ ಹತ್ತಿರದ ಈ ಹಳ್ಳಿಗೆ, ದಿನವೂ ಬಸ್ಸಿನಲ್ಲಿ ಓಡಾಟ. ಸಮಾಜಕ್ಕೆ ಎದುರು ನಿಂತ ಒಂಟಿ ಮನುಷ್ಯನ ಕಥೆ ಪ್ರತಿ ವರ್ಷ ಒಂದಾದರೂ ಪಠ್ಯದಲ್ಲಿರುತ್ತದೆ. ವ್ಯಕ್ತಿಯ ಆತ್ಮಸಾಕ್ಷಿ ಮತ್ತು ಸಮಾಜದ ನಿರೀಕ್ಷೆಯ ಬಗ್ಗೆ ವಿವರಿಸಿ ಎಂದು ಪರೀಕ್ಷೆಗೆ ಕೇಳುತ್ತೇವೆ, ಮಕ್ಕಳು ಪುಟಗಟ್ಟಲೆ ಗೀಚುತ್ತಾರೆ. ಕಥೆಗಳಲ್ಲಿ ಆತ್ಮಸಾಕ್ಷಿ ಎಚ್ಚೆತ್ತುಕೊಳ್ಳುವ ಹೊತ್ತಿಗೆ ಸರಿಯಾಗಿ ಗುಡುಗುತ್ತದೆ, ನಾಯಕನಿಗೆ ಉದ್ದನೆಯ ಭಾಷಣ ಬಾಯಿಗೆ ಬರುತ್ತದೆ. ಸಿನಿಮಾದಲ್ಲಾದರೆ ಹಿನ್ನೆಲೆಯಲ್ಲಿ ಪಿಟೀಲು ಬೇರೆ. ನಮ್ಮ ಮನೆಯಲ್ಲಿ ಅದು ಎಚ್ಚೆತ್ತಾಗ ಗುಡುಗೂ ಇರಲಿಲ್ಲ, ಪಿಟೀಲೂ ಇರಲಿಲ್ಲ. ಶೂಟಿಂಗಿನ ಮೈಕ್ ಹಿಡಿದಿದ್ದ ಹುಡುಗ ಆಕಳಿಸುತ್ತಿದ್ದ.

ನಮ್ಮ ಎದುರು ಮನೆ ಚಿಕ್ಕತ್ತೆಯದು, ಅಂದರೆ ನನ್ನ ಅತ್ತೆಯ ವಾರಗಿತ್ತಿ. ಮನೆ ಭಾಗವಾಗುವವರೆಗೆ ಇಬ್ಬರೂ ಒಂದೇ ಒಲೆಯ ಮುಂದೆ ಬೆಂದವರು. ಭಾಗವಾದ ಮೇಲೂ ಇವರ ಸಾರು ಅವರಿಗೆ, ಅವರ ಪಲ್ಯ ಇವರಿಗೆ, ಬೀದಿ ದಾಟಿ ಬೋಸಿಗಳು ಓಡಾಡುತ್ತಲೇ ಇದ್ದವು. ಬಂದ ಬೋಸಿಯನ್ನು ಬರಿದಾಗಿ ಹಿಂದಿರುಗಿಸಬಾರದು ಎಂಬ ಪದ್ಧತಿ ನಮ್ಮ ಕಡೆ ಇದೆ. ಏನಿಲ್ಲದಿದ್ದರೂ ಒಂದು ಚೂರು ಬೆಲ್ಲ ಹಾಕಿ ಕೊಡುತ್ತಾರೆ. ಹಾಗಾಗಿ ಒಮ್ಮೆ ಶುರುವಾದ ಓಡಾಟಕ್ಕೆ ಕೊನೆಯೇ ಇರಲಿಲ್ಲ.

ಚಿಕ್ಕಮಾವ ತೀರಿಕೊಂಡ ಮೇಲೆ ಚಿಕ್ಕತ್ತೆ ಹಸು ಸಾಕಿ, ಡೈರಿಗೆ ಹಾಲು ಹಾಕಿ ಮಗಳನ್ನು ಓದಿಸಿದರು. ಮಗಳಿಗೆ ಮಂಡ್ಯದ ಹತ್ತಿರ ಕೃಷಿ ಸಂಶೋಧನೆ ನಡೆಸುವ ವಿ.ಸಿ. ಫಾರಂನಲ್ಲಿ ಕೆಲಸ ಸಿಕ್ಕಿತು. ಅಲ್ಲಿಯೇ ಕೆಲಸ ಮಾಡುತ್ತಿದ್ದ ಬೇರೆ ಜಾತಿಯ ಹುಡುಗನನ್ನು ಅವಳು ಮೆಚ್ಚಿದಳು. ಚಿಕ್ಕತ್ತೆ ಅಳಲಿಲ್ಲ, ಅಡಗಿಸಲಿಲ್ಲ, ತಾವೇ ಮುಂದೆ ನಿಂತು ಧಾರೆ ಎರೆದರು. ಈಗ ಆ ಇಬ್ಬರೂ ಕಿರುಗಾವಲಿನಲ್ಲಿ ಮನೆ ಮಾಡಿದ್ದಾರೆ. ಓಡಿಹೋಗಿದ್ದರೆ ಊರು ಮರೆಯುತ್ತಿತ್ತೋ ಏನೋ, ತಾಯಿಯೇ ಧಾರೆ ಎರೆದದ್ದನ್ನು ಮರೆಯಲಿಲ್ಲ.

ಪಂಚಾಯಿತಿ ಸೇರಿಸಿ ಯಾರೂ ಏನೂ ತೀರ್ಮಾನ ಮಾಡಲಿಲ್ಲ. ನಮ್ಮವರ ಮದುವೆಗಳಿಗೆ ಆ ಮನೆಯವರನ್ನು ಕರೆಯುವುದು ನಿಂತಿತು, ಅಷ್ಟೆ. ಮಾವ ಒಂದು ದಿನ ಊಟಕ್ಕೆ ಕೂತವರು ಅತ್ತೆಗೆ, "ಆ ಮನೆ ತಾವ್ಕೆ ಓಗ್ಬ್ಯಾಡ, ನಾಕ್ ಜನ ನೋಡ್ತಾರೆ" ಅಂದರು. ಮಾರನೆಯ ದಿನದಿಂದ ಬೋಸಿಗಳು ನಿಂತವು. ನಾನು ಚಿಕ್ಕತ್ತೆಯನ್ನು ಬಸ್ ಸ್ಟಾಪಿನಲ್ಲಿ ಮಾತಾಡಿಸುತ್ತಿದ್ದೆ. ಓದಿದವಳು, ಇವಳಿಗೇನು ಗೊತ್ತು ಎಂದು ಊರು ನನಗೆ ಒಂದಿಷ್ಟು ವಿನಾಯಿತಿ ಕೊಟ್ಟಿತ್ತು. ಅತ್ತೆಗೆ ಆ ವಿನಾಯಿತಿ ಇರಲಿಲ್ಲ. ಬೆಳಿಗ್ಗೆ ಇಬ್ಬರೂ ಎದುರುಬದುರು ಸಾರಿಸಿ ರಂಗೋಲಿ ಹಾಕುವರು, ತಲೆ ಎತ್ತದೆ ಒಳಗೆ ಹೋಗುವರು. ನೋಡಲು ಕಷ್ಟವಾಗುತ್ತಿತ್ತು.

ಹೀಗೆ ಎರಡು ವರ್ಷವಾಗಿರುವಾಗ ಒಂದು ಮಾಗಿಯಲ್ಲಿ ಸಿನಿಮಾದವರು ಬಂದರು. ಮೆಲುಮಾತಿನ ನಿರ್ದೇಶಕನಿಗೆ ನಮ್ಮ ಹಳೇ ಬಾಗಿಲಿನ ಕೆತ್ತನೆ ಹಿಡಿಸಿತು. ಕಥೆಯಲ್ಲಿ ಒಬ್ಬ ಹೆಣ್ಣು ಊರಿನ ಮಾತು ಮೀರಿ ತನಗೆ ಸರಿಯೆನಿಸಿದ್ದನ್ನು ಮಾಡಿದ್ದಾಳೆ. ಸುಡುಬಿಸಿಲಿನಲ್ಲಿ ನೀರು ಕೇಳಿಕೊಂಡು ಬರುತ್ತಾಳೆ. ಮನೆಯ ಹಿರಿಯಳು ಅವಳ ಮುಖ ನೋಡಿ ಬಾಗಿಲು ಹಾಕಬೇಕು. ಹಿರಿಯಳಾಗಿ ನಿಮ್ಮತ್ತೆಯೇ ನಿಲ್ಲಲಿ, ಮುಖದಲ್ಲಿ ಕಳೆಯಿದೆ ಎಂದ. ಮಾವನಿಗೆ ಹೆಮ್ಮೆಯೋ ಹೆಮ್ಮೆ, ಬೆಳಿಗ್ಗೆಯೇ ಗರಿಗರಿ ಪಂಚೆ ಉಟ್ಟು ಸಿದ್ಧರಾದರು. ಮಾಗಿಯ ಚಳಿಯಲ್ಲಿ ನಟಿಯ ಮುಖಕ್ಕೆ ನೀರು ಚಿಮುಕಿಸಿ ಬೆವರು ಬರಿಸಿದರು. ಪಾಪ, ಅವಳು ನಡುಗುತ್ತಲೇ ಬಾಯಾರಿ ನಿಂತಳು.

ಮೊದಲ ಸಲ ಅತ್ತೆ ಬಾಗಿಲು ಹಾಕಿದರು. ಚೆನ್ನಾಗಿ ಬಂತು, ಇನ್ನೊಮ್ಮೆ ಅಂದ ನಿರ್ದೇಶಕ. ಇನ್ನೊಮ್ಮೆಯೂ ಹಾಕಿದರು, ಆದರೆ ನಿಧಾನವಾಗಿ. ಮೂರನೆಯ ಸಲ ನಟಿ "ಅಮ್ಮ, ಒಂದು ಲೋಟ ನೀರು" ಎಂದಾಗ ಅತ್ತೆಯ ಕೈ ಬಾಗಿಲ ಮೇಲೆಯೇ ನಿಂತುಬಿಟ್ಟಿತು. ಪಕ್ಕದಲ್ಲಿ ನಿಂತಿದ್ದ ನಾನು ಅವರ ಕಣ್ಣು ಎಲ್ಲಿದೆ ಎಂದು ನೋಡಿದೆ. ನಟಿಯ ಮೇಲಿರಲಿಲ್ಲ. ನಟಿಯ ಹಿಂದೆ, ಕ್ಯಾಮೆರಾದ ಹಿಂದೆ, ಎದುರು ಜಗುಲಿಯ ಮೇಲೆ ಚಿಕ್ಕತ್ತೆ ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದರು. ಬಾಗಿಲು ಹಾಕಿದಷ್ಟೂ ಸಲ ಅದು ಅವರ ಮುಖದ ಮೇಲೆಯೇ ಬೀಳುತ್ತಿತ್ತು.

"ನನ್ ಕೈಲಿ ಆಗಕಿಲ್ಲ ಕಣಪ್ಪ" ಅಂದರು ಅತ್ತೆ.

ನಿರ್ದೇಶಕ ಬಂದು ಸಮಾಧಾನ ಹೇಳಿದ. ಜನ ಗುಜುಗುಜು ಶುರು ಮಾಡಿದರು. ಮಾವ ಮುಂದೆ ಬಂದು, "ಏನಮ್ಮಿ ನಿಂದು? ಸಿನ್ಮಾ ಅಂದ್ರೆ ಸುಳ್ಳು ಕಣೆ. ಸುಮ್ನೆ ಆಕು" ಅಂದರು.

"ಸುಳ್ಳೇ ಆದ್ರೆ ತೆಗ್ದೇ ಇರ್ಲಿ ಬುಡಿ. ನೀರ್ ಕೊಟ್ಬುಡ್ತೀನಿ, ಅದೂ ಸುಳ್ಳೇ ತಾನೆ?"

ನೀರು ಕೊಟ್ಟರೆ ಕಥೆಯೇ ಮುಂದಕ್ಕೆ ಹೋಗುವುದಿಲ್ಲಮ್ಮ ಎಂದ ನಿರ್ದೇಶಕ. "ಓಗ್ದೇ ಇದ್ರೆ ಇರ್ಲಿ" ಎಂದರು ಅತ್ತೆ, ಧ್ವನಿ ಏರಿಸದೆ. ಇಷ್ಟು ವರ್ಷ ಕಥೆ ಪಾಠ ಮಾಡಿದ ನನಗೆ ಅದಕ್ಕಿಂತ ಒಳ್ಳೆಯ ವಿಮರ್ಶೆ ಸಿಕ್ಕಿಲ್ಲ. ಅತ್ತೆಯ ಮೇಲೆ ಆ ಗಳಿಗೆಯಲ್ಲಿ ಉಕ್ಕಿ ಬಂದ ಪ್ರೀತಿಯನ್ನು ಹೇಗೆ ಹೇಳಲಿ, ಅಪ್ಪಿಕೊಂಡುಬಿಡೋಣ ಅನ್ನಿಸಿತು. ಹಾಗೆಲ್ಲ ಅಪ್ಪಿಕೊಳ್ಳುವ ರೂಢಿ ನಮ್ಮ ಮನೆಯಲ್ಲಿಲ್ಲ.

ಪಕ್ಕದ ಬೀದಿಯ ಒಬ್ಬಾಕೆ ತಾನು ಹಾಕುತ್ತೇನೆಂದು ಖುಷಿಯಿಂದ ಮುಂದೆ ಬಂದಳು. ದೀಪ, ವೈರು, ಕ್ಯಾಮೆರಾ, ಜನ ಎಲ್ಲ ಅತ್ತ ಹೊರಟವು. "ಊರ್ ಮಾನ ತೆಗುದ್ಲು" ಎಂದು ಯಾರೋ ಕೇಳಿಸುವಂತೆಯೇ ಅಂದರು. ಮಾವ ಹೆಂಡತಿಯ ಮುಖ ನೋಡದೆ ತೋಟದ ಕಡೆ ಹೋದರು.

ಬೀದಿ ಖಾಲಿಯಾಯಿತು. ಅತ್ತೆ ಒಳಗೆ ಹೋಗಿ ಒಂದು ಚೊಂಬು ನೀರು ತಂದರು, ಬೀದಿ ದಾಟಿ ಚಿಕ್ಕತ್ತೆಯ ಮುಂದೆ ನಿಂತರು. ಚಿಕ್ಕತ್ತೆ ಚೊಂಬನ್ನು ನೋಡಿದರು, ಅತ್ತೆಯನ್ನು ನೋಡಿದರು.

"ಕುಡಿಯೋ ನೀರು ನಮ್ಮನೇಲೂ ಅದೆ ಕಣಕ್ಕ" ಅಂದರು. ಆಮೇಲೆ ಮೊರವನ್ನು ಸ್ವಲ್ಪ ಆಚೆ ಸರಿಸಿ ಜಾಗ ಮಾಡಿದರು. "ಕುಂತ್ಕೊ. ಕಾಳು ಇತ್ಕು, ಬಿರ್ರನೆ ಆಯ್ತದೆ."

ಅತ್ತೆ ಕೂತರು. ನಾನೂ ಹೋಗಿ ಕೂತೆ. ಕ್ಷಮೆ ಕೇಳಿದ್ದೂ ಇಲ್ಲ, ಕಣ್ಣೀರು ಹಾಕಿದ್ದೂ ಇಲ್ಲ. ಚಿಕ್ಕತ್ತೆ ಹೇಳುತ್ತಾ ಹೋದರು: ಈ ಸಲ ಕಾಳಿಗೆ ಸೊಗಡಿಲ್ಲ, ಹಸುವಿನ ಕಾಲು ಬಾತಿದೆ, ಮಗಳು ಈಗ ಐದು ತಿಂಗಳ ಬಸುರಿ. ಕೊನೆಯ ಮಾತಿಗೆ ಅತ್ತೆಯ ಕೈ ಒಂದು ಗಳಿಗೆ ನಿಂತಿತು. "ಏನ್ ತಿನ್ಬೇಕು ಅಂತಾಳೆ?" ಎಂದು ಕೇಳಿ ಮತ್ತೆ ಹಿತುಕಲು ಶುರುಮಾಡಿದರು.

ಸಂಜೆ ಚಿಕ್ಕತ್ತೆ ಹಿತಕಿದವರೆ ಸಾರು ಮಾಡಿ ಒಂದು ಬೋಸಿ ತುಂಬ ಕೊಟ್ಟರು. ಅತ್ತೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳದೆ ಬೀದಿಯ ನಡುವೆ ಹಿಡಿದು ತಂದರು. ಚಿಕ್ಕತ್ತೆ ಗಸಗಸೆ ಹುರಿದು ರುಬ್ಬಿ ಹಾಕುತ್ತಾರೆ, ಅದು ಅವರ ತವರಿನ ಪದ್ಧತಿ. ನಮ್ಮ ಮನೆಯ ಸಾರಿಗೆ ಗಸಗಸೆ ಬೀಳುವುದಿಲ್ಲ. ಒಂದು ತುತ್ತಿಗೆ ಮಾವನಿಗೆ ಗೊತ್ತಾಗಿಬಿಡುತ್ತದೆ ಎಂದು ಅತ್ತೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮಾವ ತಟ್ಟೆ ತಳ್ಳಿ ಎದ್ದರೆ ನಾಳೆಯಿಂದ ಮತ್ತೆ ತಲೆ ತಗ್ಗಿಸಿ ರಂಗೋಲಿ ಹಾಕುವುದೇ ಗತಿ.

ಮಾವ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದರು. ಕೈ ತಟ್ಟೆಯಲ್ಲಿಯೇ ನಿಂತಿತು. ಅತ್ತೆ ಸೌಟು ಹಿಡಿದು ಗೋಡೆ ನೋಡುತ್ತಿದ್ದರು. ಮಾವ ಎರಡನೆಯ ತುತ್ತು ನುಂಗಿದರು, ಮೂರನೆಯದೂ. ಆಮೇಲೆ ತಲೆ ಎತ್ತದೆ, "ಇನ್ನೊಸಿ ಬುಡು" ಅಂದರು.

ಊಟ ಮುಗಿಸಿ ಕೈ ತೊಳೆದು ಟವೆಲಿನಲ್ಲಿ ಒರೆಸಿಕೊಂಡು ಹೊರಟವರು ಬಾಗಿಲ ಹತ್ತಿರ ನಿಂತರು.

"ಬೋಸಿ ಬರಿದು ಕೊಟ್ಟೀಯೆ. ಒಂದಚ್ಚು ಬೆಲ್ಲ ಆಕ್ಕೊಡು."